ಜೀಪಿನ ಆಸನಕ್ಕೆ ಹೊದಿಕೆ

ಮಲೆನಾಡಿನ ಕೆಸರುದಾರಿಯಲ್ಲಿ ಜೀಪು ನಡೆಸುವ ಗೃಹಸ್ಥರು, ಆಸನಕ್ಕೆ ನಿಯೋಪ್ರೀನ್ ಹೊದಿಕೆಯು ಯುಕ್ತವೇ ಎಂದು ವಿಚಾರಿಸುವುದುಂಟು. 1930ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ಹುಟ್ಟಿದ ಈ ಕೃತಕ ರಬ್ಬರನ್ನು ನೊರೆಯಂತೆ ಉಬ್ಬಿಸಿದಾಗ, ಒಂದಕ್ಕೊಂದು ಕೂಡದ ಸೂಕ್ಷ್ಮ ಗಾಳಿಗೂಡುಗಳು ಉಂಟಾಗುವುವು. ಆದಕಾರಣ ಅದು ನೀರನ್ನು ಹೀರದು. ಮೇಲಂಟಿಸಿದ ಬಟ್ಟೆ ಮಾತ್ರ ನೆನೆಯುವುದು, ಹೊಲಿಗೆಯ ರಂಧ್ರಗಳಲ್ಲಿ ನೀರೂ ಇಳಿಯುವುದು. ಅಂಗಡಿಯವನು “ನಿಯೋಪ್ರೀನಿನಂಥದು” ಎಂದರೆ ಎಚ್ಚರವಿರಲಿ. ಉಪಮಾನವನ್ನು ಹೇಳಿ ಉಪಮೇಯವನ್ನು ಮಾರುವ ಜಾಣರುಂಟು. ಒಂದು ತುಂಡನ್ನು ಬೇಡಿ ತಂದು, ನೀರಿನಲ್ಲಿ ಅದ್ದಿ ಹಿಂಡಿ ನೋಡಿರಿ.

ಇದಕ್ಕಿಂತ ಮುಖ್ಯವಾದುದೊಂದಿದೆ. ಕೆಲವು ವಾಹನಗಳಲ್ಲಿ ಆಸನದ ಪಾರ್ಶ್ವದಲ್ಲಿಯೇ ಏರ್‌ಬ್ಯಾಗ್ ಅಡಗಿರುವುದು. ಅಪಘಾತದಲ್ಲಿ ಅದು ಕ್ಷಣಾರ್ಧದೊಳಗೆ ಹೊರಚಿಮ್ಮಬೇಕು. ಆ ಸ್ಥಳದಲ್ಲಿ ತೆರಪಾಗಲಿ ಬಿರಿಯುವ ಹೊಲಿಗೆಯಾಗಲಿ ಇಲ್ಲದ ಹೊದಿಕೆಯನ್ನು, ಬಣ್ಣವೆಷ್ಟೇ ಚೆಲುವಾಗಿದ್ದರೂ, ಸರ್ವಥಾ ಕೊಳ್ಳತಕ್ಕದ್ದಲ್ಲ. ಬಯಲುಸೀಮೆಯ ಬೇಸಗೆಯಲ್ಲಿ ನಿಯೋಪ್ರೀನು ಬೆನ್ನನ್ನು ಬೆವರಿಸುವುದು. ಅಲ್ಲಿಯವರಿಗೆ ಹತ್ತಿಬಟ್ಟೆಯೇ ಲೇಸು. ಒಗೆದುದನ್ನು ನೆರಳಿನಲ್ಲಿ ಒಣಗಿಸಿರಿ.