ಗುಪ್ತಪದವೂ ಅದರ ಬದಲಾವಣೆಯ ಲೆಕ್ಕವೂ

ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಹೋಬಳಿಯ ರೈತನಿಗೆ ಪಹಣಿಯೆಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಹೊಲವು ಈಗ ಯಾರ ಹೆಸರಿನಲ್ಲಿದೆಯೆಂಬುದನ್ನು ಅದು ಹೇಳುತ್ತದೆ. ಆದರೆ ವ್ಯಾಜ್ಯವೊಂದು ಹುಟ್ಟಿದಾಗ ಪಹಣಿಯೊಂದೇ ಸಾಲದು. ಹೆಸರು ಎಂದು ಬದಲಾಯಿತು, ಯಾವ ಆಧಾರದ ಮೇಲೆ, ಯಾರ ಆದೇಶದಿಂದ ಬದಲಾಯಿತು ಎಂಬುದನ್ನು ತಿಳಿಯಲು ಹಕ್ಕು ಬದಲಾವಣೆಯ ಪುಸ್ತಕವನ್ನು, ಅಂದರೆ ಮ್ಯುಟೇಶನ್ ರಿಜಿಸ್ಟರನ್ನು ತೆರೆಯಬೇಕಾಗುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಇವೆರಡನ್ನೂ ಬೇರೆ ಬೇರೆಯಾಗಿಯೇ ಇರಿಸಿದೆ. ಈಗಿರುವ ಸ್ಥಿತಿಗೆ ಒಂದು ದಾಖಲೆ, ಆದ ಬದಲಾವಣೆಗೆ ಮತ್ತೊಂದು. ಗಣಕಯಂತ್ರಗಳ ವಿಷಯದಲ್ಲಿ ನಾವು ಮೊದಲನೆಯದನ್ನು ಮಾತ್ರ ಕಾಯುತ್ತ, ಎರಡನೆಯದನ್ನು ಕಡೆಗಣಿಸಿದ್ದೇವೆಂಬುದು ನನ್ನ ಅಭಿಪ್ರಾಯ.

ಜಗತ್ತಿನ ಸರ್ವರ್ ಯಂತ್ರಗಳಲ್ಲಿ ಬಹುಪಾಲನ್ನು ಇಂದು ನಡೆಸುತ್ತಿರುವುದು ಯುನಿಕ್ಸ್ ಮಾದರಿಯ ವ್ಯವಸ್ಥೆಗಳು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸನ್ನು ರೂಪಿಸಿದರು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದೇ ಮಾದರಿಯದು. ಇಂತಹ ಯಂತ್ರದಲ್ಲಿ ಪಾಸ್‌ವರ್ಡ್ ಎಂಬ ಹೆಸರಿನ ಒಂದು ಕಡತವುಂಟು. ಅದರಲ್ಲಿ ಬಳಕೆದಾರನೊಬ್ಬನಿಗೆ ಒಂದು ಸಾಲು, ಸಾಲಿಗೆ ಏಳು ಅಂಕಣ. ಮೂರನೆಯ ಅಂಕಣದಲ್ಲಿ ಅವನ ಸಂಖ್ಯೆಯಿರುತ್ತದೆ. ಆ ಸಂಖ್ಯೆ ಸೊನ್ನೆಯಾದರೆ, ಹೆಸರು ಏನೇ ಇರಲಿ, ಅವನು ಯಂತ್ರದ ಸರ್ವಾಧಿಕಾರಿ. ಶ್ಯಾಡೊ ಎಂಬ ಇನ್ನೊಂದು ಕಡತವನ್ನು ಸಾಮಾನ್ಯ ಬಳಕೆದಾರರು ಓದಲಾರರು. ಅದರಲ್ಲಿ ಗುಪ್ತಪದವು ಇದ್ದಂತೆಯೇ ಇರುವುದಿಲ್ಲ. ಹಿಂದಕ್ಕೆ ಬಿಡಿಸಲಾಗದಂತೆ ಗಣಿತಕ್ರಿಯೆಯಿಂದ ಮಾರ್ಪಡಿಸಿದ ಅದರ ರೂಪ ಮಾತ್ರ ಇರುತ್ತದೆ.

ಅದೇ ಸಾಲಿನ ಮೂರನೆಯ ಅಂಕಣವು ಗುಪ್ತಪದ ಕೊನೆಯ ಸಲ ಬದಲಾದ ದಿನವನ್ನು ತಿಳಿಸುತ್ತದೆ. ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತನ್ನದೇ ಆದ ಶಕೆಯನ್ನು ಆರಂಭಿಸಿದಂತೆ, ಯುನಿಕ್ಸಿಗೂ ತನ್ನದೇ ಶಕೆಯೊಂದುಂಟು. ಅದು 1970ರ ಜನವರಿ 1ರಂದು ಆರಂಭವಾಗುತ್ತದೆ. ಅಂದಿನಿಂದ ಕಳೆದ ದಿನಗಳನ್ನು ಎಣಿಸಿ ಬರೆಯಲಾಗುತ್ತದೆ. ಅಂಕಣದಲ್ಲಿ 20000 ಎಂದಿದ್ದರೆ ಗುಪ್ತಪದವು 2024ರ ಅಕ್ಟೋಬರ್ 4ರಂದು ಬದಲಾಯಿತೆಂದು ಅರ್ಥ. ಸಿ, ಎಚ್, ಎ, ಜಿ, ಇ ಎಂಬ ಐದು ಅಕ್ಷರಗಳ ಆದೇಶವು ಈ ಸಂಖ್ಯೆಯನ್ನು ನಮಗೆ ತಿಳಿಯುವ ತಾರೀಖಾಗಿ ಮಾರ್ಪಡಿಸಿ ತೋರಿಸುತ್ತದೆ.

ಆದರೆ ಇದೂ ಪಹಣಿಯೇ ಹೊರತು ಹಕ್ಕು ಬದಲಾವಣೆಯ ಪುಸ್ತಕವಲ್ಲ. ಬದಲಾಯಿಸಿದವನು ಯಾರು, ಎಷ್ಟು ಗಂಟೆಗೆ ಬದಲಾಯಿಸಿದನು ಎಂಬುದು ಇಲ್ಲಿಲ್ಲ. ಅದಕ್ಕಾಗಿ ಯಂತ್ರದ ದಿನಚರಿಯನ್ನು ನೋಡಬೇಕು. ಹೊಸ ಖಾತೆ ತೆರೆಯುವ, ಗುಪ್ತಪದ ಬದಲಿಸುವ ಆದೇಶಗಳು ತಮ್ಮ ಕೆಲಸವನ್ನು ಅದರಲ್ಲಿ ಒಂದೊಂದು ಸಾಲಾಗಿ ಬರೆದಿಡುತ್ತವೆ. ಆದರೆ ಸರ್ವಾಧಿಕಾರಿಯು ಆ ಆದೇಶಗಳನ್ನು ಬಿಟ್ಟು, ಕಡತವನ್ನೇ ತೆರೆದು ತಿದ್ದಿದರೆ ಅಂಥ ಸಾಲು ಬೀಳುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ಲಿನಕ್ಸಿನ ಒಡಲಿನಲ್ಲಿ ಆಡಿಟ್ ಎಂಬ ಏರ್ಪಾಡಿದೆ. ಇಂತಿಂಥ ಕಡತಗಳನ್ನು ಕಾಯಬೇಕೆಂದು ಮೊದಲೇ ನಿಯಮಿಸಿದರೆ, ಯಾರು ಮುಟ್ಟಿದರೂ ಅದು ಗುರುತಿಸುತ್ತದೆ. ಒಬ್ಬನು ತನ್ನ ಹೆಸರಿನಿಂದ ಒಳಬಂದು ಅನಂತರ ಸರ್ವಾಧಿಕಾರಿಯಾದರೂ, ಮೊದಲು ಒಳಬಂದಾಗಿನ ಅವನ ಸಂಖ್ಯೆಯನ್ನು ಅದು ಮರೆಯುವುದಿಲ್ಲ.

ಈ ಜಾಣತನವೆಲ್ಲ ವ್ಯರ್ಥವಾಗುವ ಸಂದರ್ಭವೊಂದುಂಟು. ಸರ್ವಾಧಿಕಾರಿಯ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ನಾಲ್ಕಾರು ಮಂದಿ ನೇರವಾಗಿ ಅದರಿಂದಲೇ ಒಳಬರುವುದಾದರೆ, ದಿನಚರಿಯು ಎಲ್ಲರನ್ನೂ ಒಂದೇ ಹೆಸರಿನಿಂದ ಬರೆಯುತ್ತದೆ. ಆಗ ವಿದ್ಯಾರ್ಥಿಯೊಬ್ಬನ ಅಂಕವನ್ನು ಯಾರೋ ತಿದ್ದಿದರೆ, ಅಪವಾದವು ಕಚೇರಿಯ ಅತ್ಯಂತ ಕಿರಿಯ ನೌಕರನ ಮೇಲೆ ಬೀಳುವುದು ಸಹಜ. ತಾನು ನಿರಪರಾಧಿಯೆಂದು ತೋರಿಸಲು ಅವನ ಬಳಿ ಏನಿದೆ? ದಿನಚರಿಯ ಮೊದಲ ಉಪಯೋಗವು ಕಳ್ಳನನ್ನು ಹಿಡಿಯುವುದಲ್ಲ, ಪ್ರಾಮಾಣಿಕನನ್ನು ಉಳಿಸುವುದು. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ, ಇಂಥ ಪರಿಶೀಲನೆಯು ಸಹೋದ್ಯೋಗಿಗಳನ್ನು ಶಂಕಿಸಿದಂತೆ ಎಂದು ಹಲವರು ಆಕ್ಷೇಪಿಸುತ್ತಾರೆ. ಪ್ರಯೋಗಶಾಲೆಯಲ್ಲಿ ಉಪಕರಣದ ಸೊನ್ನೆ ದೋಷವನ್ನು ಬರೆದುಕೊಳ್ಳುವವನು ಉಪಕರಣವನ್ನು ಅವಮಾನಿಸುತ್ತಾನೆಯೆ?

ನಮ್ಮ ರಾಜ್ಯವೇ ಈ ತತ್ತ್ವವನ್ನು ಒಮ್ಮೆ ಚೆನ್ನಾಗಿ ಅರಿತಿತ್ತು. 2000ದಿಂದ 2002ರವರೆಗಿನ ಅವಧಿಯಲ್ಲಿ ಭೂಮಿ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಿದಾಗ, ತಾಲ್ಲೂಕು ಕಚೇರಿಯ ನೌಕರನನ್ನು ಬೆರಳಚ್ಚಿನಿಂದ ಗುರುತಿಸುವ ಪದ್ಧತಿಯನ್ನು ತಂದಿತು. ಪರರ ಹೆಸರಿನಲ್ಲಿ ಒಳಹೋಗುವುದಕ್ಕೂ, ಮಾಡಿದ ತಿದ್ದುಪಡಿಯನ್ನು ಅನಂತರ ಅಲ್ಲಗಳೆಯುವುದಕ್ಕೂ ಎಡೆಯಿರಬಾರದೆಂಬುದೇ ಅದರ ಉದ್ದೇಶ. ಹೊಲಕ್ಕೆ ಸಲ್ಲುವ ಈ ಎಚ್ಚರ ಅಂಕಪಟ್ಟಿಗೂ ವೇತನದ ಲೆಕ್ಕಕ್ಕೂ ಸಲ್ಲಬೇಡವೆ?

ಗುಪ್ತಪದವನ್ನು ತಿಂಗಳಿಗೊಮ್ಮೆ ಕಡ್ಡಾಯವಾಗಿ ಬದಲಿಸಿದರೆ ಸಾಕೆಂದು ಕೆಲವರು ನಂಬಿದ್ದಾರೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2017ರ ತನ್ನ ಮಾರ್ಗದರ್ಶಿಯಲ್ಲಿ ಇಂಥ ಕಡ್ಡಾಯವು ಬೇಡವೆಂದೇ ಸೂಚಿಸಿತು. ಗುಪ್ತಪದ ಬಯಲಾದ ಸುಳಿವು ದೊರೆತಾಗ ಬದಲಿಸಬೇಕೆಂದಿತು. ಆದರೆ ದಿನಚರಿಯನ್ನು ಓದುವವರೇ ಇಲ್ಲದಿದ್ದರೆ ಆ ಸುಳಿವು ದೊರೆಯುವುದೆಂತು?

ಆದುದರಿಂದ ಪ್ರತಿಯೊಂದು ಕಾಲೇಜು, ಸಹಕಾರ ಸಂಘ, ಕಚೇರಿಗಳು ನಾಲ್ಕು ನಿಯಮಗಳನ್ನು ಪಾಲಿಸಬೇಕೆಂದು ಸೂಚಿಸುತ್ತೇನೆ. ಪ್ರತಿಯೊಬ್ಬನಿಗೂ ಅವನದೇ ಖಾತೆಯಿರಲಿ. ಕೆಲಸ ಬಿಟ್ಟವನ ಖಾತೆಯನ್ನು ಅಂದೇ ಮುಚ್ಚಲಿ. ಹಿಂದಿನ ವಾರದ ಖಾತೆಗಳ ಪಟ್ಟಿಯನ್ನು ಈ ವಾರದ ಪಟ್ಟಿಯೊಡನೆ ಹೋಲಿಸಿ, ಹೊಸ ಹೆಸರು ಬಂದಿದೆಯೆ, ಸೊನ್ನೆ ಸಂಖ್ಯೆಯವರು ಒಬ್ಬರಿಗಿಂತ ಹೆಚ್ಚಿದ್ದಾರೆಯೆ, ಯಾರೂ ಕೇಳದ ಗುಪ್ತಪದ ಬದಲಾಗಿದೆಯೆ ಎಂದು ನೋಡಲಿ. ಈ ಪರಿಶೀಲನೆಯನ್ನು ಯಂತ್ರದ ಸರ್ವಾಧಿಕಾರಿಯಲ್ಲದ ಇನ್ನೊಬ್ಬನು ಮಾಡಲಿ. ಕೊನೆಯದಾಗಿ, ದಿನಚರಿಯ ಪ್ರತಿಯು ಬರೆದ ಕ್ಷಣದಲ್ಲಿಯೇ ಬೇರೊಂದು ಯಂತ್ರಕ್ಕೆ ಹೋಗಿ ಸೇರಲಿ. ಏಕೆಂದರೆ ಸರ್ವಾಧಿಕಾರಿಯು ತನ್ನ ಯಂತ್ರದ ದಿನಚರಿಯನ್ನು ಅಳಿಸಬಲ್ಲನು. ಬರೆಯುವವನ ಕೈಯಲ್ಲಿಯೇ ಅಳಿಸುವ ಅಧಿಕಾರವೂ ಇದ್ದರೆ ಆ ಪುಸ್ತಕವು ಸಾಕ್ಷಿಯಾಗಲಾರದು.

ಇವುಗಳಲ್ಲಿ ಯಾವುದಕ್ಕೂ ದುಬಾರಿ ಸಾಧನ ಬೇಕಾಗಿಲ್ಲ. ಬೇಕಾದುದು ವಾರಕ್ಕೆ ಅರ್ಧ ಗಂಟೆಯ ಶಿಸ್ತು ಮತ್ತು ಓದುವ ಒಬ್ಬ ಮನುಷ್ಯ.