ಪ್ರಾಕ್ಸಿ ಇರಲಿ, ಅಸಲು ಉಳಿಯಲಿ

ಪ್ರಾಕ್ಸಿ ಎಂದರೆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ: ಗೆಳೆಯ ಬಾರದ ದಿನ ಅವನ ಬದಲು ‘ಎಸ್ ಸರ್’ ಎನ್ನುವುದು. ಅದು ತಪ್ಪು. ಅದರ ಪರವಾಗಿ ನಾನು ಬರೆಯುತ್ತಿಲ್ಲ. ಆದರೆ ವಿಡಿಯೊ ಎಡಿಟಿಂಗ್‌ನಲ್ಲಿ ಇನ್ನೊಂದು ಪ್ರಾಕ್ಸಿ ಇದೆ. ಅದನ್ನು ನಾವೆಲ್ಲ ಕಲಿಯಲೇಬೇಕು.

ವಾರ್ಷಿಕೋತ್ಸವಕ್ಕಾಗಿ ನಮ್ಮ ತಂಡ ಶಿಕಾರಿಪುರ, ಸೊರಬ ತಾಲ್ಲೂಕುಗಳ ಬಗ್ಗೆ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿತು. ತಾಳಗುಂದದ ಸ್ತಂಭ ಶಾಸನ, ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯ, ಗುಡವಿಯ ಹಕ್ಕಿಗಳು, ಸೊರಬದ ಗುಡಿಗಾರರ ಗಂಧದ ಕೆತ್ತನೆ, ಎಲ್ಲವನ್ನೂ ಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ತೆಗೆದೆವು. ಲ್ಯಾಬಿನ ಕಂಪ್ಯೂಟರಿಗೆ ಹಾಕಿದರೆ ಗುಡವಿಯ ಹಕ್ಕಿ ಹಾರಲಿಲ್ಲ, ತಡೆತಡೆದು ಕುಪ್ಪಳಿಸಿತು. ಹೊಸ ಕಂಪ್ಯೂಟರ್ ಬಾರದೆ ಕೆಲಸ ಆಗದು ಎಂದು ಎಲ್ಲರೂ ಕೈಚೆಲ್ಲಿದರು.

ತೊಂದರೆಗೆ ಕಾರಣವಿದೆ. ಜಾಗ ಉಳಿಸಲು ಫೋನು ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಹೆಚ್ಚಿನ ಫ್ರೇಮುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿಡುತ್ತದೆ. ನಡುವಿನ ಒಂದು ಫ್ರೇಮ್ ತೋರಿಸಲು ಕಂಪ್ಯೂಟರ್ ಅಕ್ಕಪಕ್ಕದ ಹಲವನ್ನು ಬಿಡಿಸಿ ಲೆಕ್ಕ ಹಾಕಬೇಕು. ಜೊತೆಗೆ 4ಕೆಯ ಒಂದೊಂದು ಫ್ರೇಮಿನಲ್ಲೂ ಸುಮಾರು 83 ಲಕ್ಷ ಚುಕ್ಕಿಗಳು.

ಉಚಿತವಾಗಿ ಸಿಗುವ ಕೆಡೆನ್‌ಲೈವ್, ಶಾಟ್‌ಕಟ್‌ನಂಥ ತಂತ್ರಾಂಶಗಳಲ್ಲೇ ಪ್ರಾಕ್ಸಿ ಸೌಲಭ್ಯವಿದೆ. ಅದು ಪ್ರತಿ ವಿಡಿಯೊಗೂ ಒಂದು ಸಣ್ಣ ನಕಲು ಮಾಡಿಕೊಡುತ್ತದೆ. 640×360 ಅಳತೆಯ ನಕಲಿನಲ್ಲಿ ಚುಕ್ಕಿಗಳು ಅಸಲಿನ 36ರಲ್ಲಿ ಒಂದು ಪಾಲು ಮಾತ್ರ. ನಾವು ಕತ್ತರಿಸಿ ಜೋಡಿಸುವುದು ನಕಲಿನ ಮೇಲೆ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶ ಅಸಲು ಫೈಲನ್ನೇ ಬಳಸುತ್ತದೆ. ನಕಲು ತಯಾರಾಗಲು ಸಮಯ ಹಿಡಿಯುವುದು ನಿಜ. ಎರಡು ನಿಮಿಷದ ರೀಲ್ಸಿಗೆ ಇದು ಬೇಕಿಲ್ಲ. ಆದರೆ ನಮ್ಮಂಥ ಕೆಲಸಕ್ಕೆ, ತರಗತಿಗೆ ಹೋಗುವ ಮುನ್ನ ಶುರು ಮಾಡಿದರೆ ಬರುವಷ್ಟರಲ್ಲಿ ಸಿದ್ಧ.

ನಾವು ಎಡವಿದ್ದು ಇಲ್ಲೇ. ಎಡಿಟಿಂಗ್ ಸಲೀಸಾಗಿ ಸಾಗಿತು. ಫೋನು, ಕಂಪ್ಯೂಟರ್ ಎರಡೂ ತುಂಬಿದ್ದವು. ನಕಲೇ ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ಅಸಲು ಫೈಲುಗಳನ್ನು ಅಳಿಸಿಬಿಟ್ಟೆವು. ಅಳಿಸಿದವನು ನಾನೇ. ವಾರ್ಷಿಕೋತ್ಸವದ ದಿನ ದೊಡ್ಡ ಪರದೆಯ ಮೇಲೆ ತಾಳಗುಂದದ ಶಾಸನ ಬಂದಾಗ ಒಂದು ಅಕ್ಷರವೂ ಕಾಣಲಿಲ್ಲ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಕವಿ ರಚಿಸಿದ ಶಾಸನವದು. ಸುಮಾರು 1,500 ವರ್ಷ ಕಲ್ಲಿನ ಮೇಲೆ ಉಳಿದ ಅಕ್ಷರ ನನ್ನ ಕೈಯಲ್ಲಿ ಒಂದು ತಿಂಗಳೂ ಉಳಿಯಲಿಲ್ಲ.

ಹಿಂದಿನವರು ಹೀಗೆ ಮಾಡುತ್ತಿರಲಿಲ್ಲ. ರೀಲಿನ ಕಾಲದಲ್ಲಿ ಎಡಿಟರುಗಳು ಮೊದಲೇ ನೆಗೆಟಿವ್‌ಗೆ ಕತ್ತರಿ ಹಾಕುತ್ತಿರಲಿಲ್ಲ. ಅದರಿಂದ ತೆಗೆದ ಪ್ರಿಂಟಿನಲ್ಲಿ ಕೆಲಸ ಮುಗಿಸಿ, ಆಮೇಲೆ ಅಂಚಿನ ಸಂಖ್ಯೆ ನೋಡಿ ನೆಗೆಟಿವ್ ಹೊಂದಿಸುತ್ತಿದ್ದರು. ನಮ್ಮ ಜಿಲ್ಲೆಯವರೇ ಆದ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾದದ್ದು ಅದರ ಅಸಲು ನೆಗೆಟಿವ್ ಉಳಿದಿದ್ದರಿಂದ.

ಆದ್ದರಿಂದ ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಹೊಸ ಕಂಪ್ಯೂಟರಿಗಲ್ಲ, ಒಂದು ಟಿ.ಬಿ.ಯ ಒಂದು ಹಾರ್ಡ್ ಡಿಸ್ಕಿಗೆ. ನಿಮಿಷಕ್ಕೆ 350 ಎಂ.ಬಿ. ಎಂದು ಲೆಕ್ಕ ಹಾಕಿದರೂ ಅದರಲ್ಲಿ 40 ಗಂಟೆಗೂ ಹೆಚ್ಚು ವಿಡಿಯೊ ಹಿಡಿಯುತ್ತದೆ. ಮೊದಲು ಅಸಲನ್ನು ಅದಕ್ಕೆ ಸೇರಿಸಬೇಕು, ಆಮೇಲೆ ಪ್ರಾಕ್ಸಿ, ಉಪನ್ಯಾಸಕರು ನೋಡಿದ ಮೇಲಷ್ಟೇ ಫೋನಿನಿಂದ ಅಳಿಸಬೇಕು. ಇದೇ ಲ್ಯಾಬಿನ ನಿಯಮವಾಗಲಿ.

ರಜೆಯಲ್ಲಿ ನಾವು ಮತ್ತೆ ತಾಳಗುಂದಕ್ಕೆ ಹೋಗುತ್ತಿದ್ದೇವೆ. ಬರುವವರು ಹೆಸರು ಕೊಡಿ. ಪ್ರಾಕ್ಸಿ ಹೆಸರು ಬೇಡ, ನೀವೇ ಬನ್ನಿ.

ಪ್ರಥಮ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ