ಶ್ರಮದಾನಕ್ಕೂ ಅಳತೆಯುಂಟು

ಬೇಸಿಗೆ ರಜೆಯಲ್ಲಿ ಅಂಗವಿಕಲರ ಶಿಬಿರಗಳಿಗೆ ಹೋಗಿ ಕಲ್ಲು, ಗಾರೆ ಹೊರಲು ಮುಂದಾಗುವ ಮಲ್ಲೇಶ್ವರದ ತರುಣರನ್ನು ನಾವು ಮೆಚ್ಚುತ್ತೇವೆ. 1920ರಲ್ಲಿ ಸ್ವಿಸ್ ದೇಶದ ಪಿಯರ್ ಸೆರೆಸೋಲ್ ಅವರು ಯುದ್ಧದಲ್ಲಿ ನೆಲಸಮವಾದ ಫ್ರಾನ್ಸಿನ ಹಳ್ಳಿಯಲ್ಲಿ ಇಂಥ ಶಿಬಿರ ಹೂಡಿದರು. 1934ರ ಭೂಕಂಪದ ತರುವಾಯ ಬಿಹಾರಕ್ಕೂ ಬಂದರು.

ಆದರೆ ಬರಿಯ ಉತ್ಸಾಹ ಸಾಲದು. ಒಂದು ಅಡಿ ಎತ್ತರದ ಬಾಗಿಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಆರೇ ಅಡಿಗೆ ಮುಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚೀತು. ಕೆಲಸ ಬಲ್ಲ ಮೇಸ್ತ್ರಿಯನ್ನು ಕೂಲಿ ಕೊಟ್ಟು ಕರೆಯಿರಿ. ಕುರ್ಚಿಯಲ್ಲಿ ಕುಳಿತವರನ್ನೇ ಮೊದಲು ಕೇಳಿರಿ. ಫೋಟೋ ಆಮೇಲೆ.

ಇದು ಭಿಕ್ಷೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಗಡುವು 2022ಕ್ಕೇ ತೀರಿತು. ಸರ್ಕಾರದ ಹೊಣೆಯನ್ನು ಹುಡುಗರ ಹೆಗಲಿಗೆ ಜಾರಿಸುವುದನ್ನು ನಾವು ಒಪ್ಪೆವು.

ವರ್ತಕ ಬಂಧುಗಳೇ, ಸಂಪಿಗೆ ರಸ್ತೆಯ ನಿಮ್ಮ ಅಂಗಡಿಗೆ ಎಷ್ಟು ಮೆಟ್ಟಿಲು? ಈ ಭಾನುವಾರ ಅಳೆಯೋಣ ಬನ್ನಿ.